ಕಿರೀಟ ಹೊತ್ತ ಪಾರಿವಾಳ

ಪಾರಿವಾಳವನ್ನು ಕಾಣದ ಊರು ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ದೇವಾಲಯದ ಗೋಪುರದ ಸಂದಿನಲ್ಲಿ, ಹಳೆಯ ಕೋಟೆಯ ಗೋಡೆಯಲ್ಲಿ, ಧಾನ್ಯದ ಮಂಡಿಯ ಅಂಗಳದಲ್ಲಿ, ಪಟ್ಟಣದ ಮಹಡಿಮನೆಗಳ ಕಿಟಕಿಯ ಮೇಲೆ, ಎಲ್ಲೆಲ್ಲಿಯೂ ಅದು ಇದ್ದೇ ಇರುವುದು. ಬಿಸಿಲಿಗೆ ಹರವಿದ ಅಕ್ಕಿಗೆ ಬಾಯಿ ಹಾಕಿತೆಂದು ಗೃಹಿಣಿಯರು ಅದನ್ನು ಗದರಿಸಿ ಓಡಿಸುವರು. ಅದೇ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿದೆಯೆಂದು ತಿಳಿದರೆ ಮರಿ ಹಾರುವವರೆಗೂ ಆ ಮೂಲೆಗೆ ಪೊರಕೆಯನ್ನು ಕೊಂಡೊಯ್ಯರು. ಇಷ್ಟು ಪರಿಚಿತವಾದ ಈ ಕುಲದಲ್ಲಿ ಒಂದು ರಾಜವಂಶವೂ ಉಂಟೆಂಬುದನ್ನು ಮಾತ್ರ ನಮ್ಮಲ್ಲಿ ಅನೇಕರು ಅರಿಯರು.

ನಾನೂ ಅರಿತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದಾಗ, ಆರು ವರ್ಷದ ಮೊಮ್ಮಗಳ ಬಲವಂತಕ್ಕೆ ಅಲ್ಲಿಯ ಒಂದು ಪಕ್ಷಿಶಾಲೆಯನ್ನು ನೋಡಲು ಹೊರಟೆನು. ಎತ್ತರವಾದ ಮರಗಳ ಮೇಲೆಲ್ಲ ಬಲೆಯನ್ನು ಹೊದಿಸಿ, ಒಳಗೆ ಜನರೂ ಹಕ್ಕಿಗಳೂ ಒಟ್ಟಿಗೆ ತಿರುಗಾಡುವಂತೆ ಏರ್ಪಡಿಸಿದ್ದರು. ಕಾಲುದಾರಿಯ ತಿರುವಿನಲ್ಲಿ ನಮಗೆ ಎದುರಾಗಿ ಒಂದು ಹಕ್ಕಿ ಬಂದಿತು. ಅದು ಹಾರಲಿಲ್ಲ, ಓಡಲಿಲ್ಲ. ಮದುವೆಯ ಮನೆಗೆ ಬಂದ ಹಿರಿಯ ಬೀಗರಂತೆ ಒಂದೊಂದೇ ಹೆಜ್ಜೆಯಿಟ್ಟು ನಡೆದು ಬಂದಿತು. ನಾವೇ ದಾರಿ ಬಿಟ್ಟು ನಿಂತೆವು. ತಲೆಯ ಮೇಲೆ ಜರತಾರಿಯ ಬೀಸಣಿಗೆಯನ್ನು ನಿಲ್ಲಿಸಿಕೊಂಡಂತೆ ಅದರ ತುರಾಯಿ. ಮೊಮ್ಮಗಳು ನನ್ನ ಬೆರಳನ್ನು ಹಿಡಿದೆಳೆದು, "ತಾತ, ಮಲಗೋವಾಗ ಇದು ಕಿರೀಟ ತೆಗೆದಿಡುತ್ತಾ?" ಎಂದು ಕೇಳಿದಳು. ನನಗೆ ಉತ್ತರ ತಿಳಿಯದು. ಫಲಕವನ್ನು ಓದಿ, ಅದು ನ್ಯೂಗಿನಿ ದ್ವೀಪದ ವಿಕ್ಟೋರಿಯಾ ಕಿರೀಟಪಾರಿವಾಳವೆಂದು ತಿಳಿಸಿದೆನು. ಪಾರಿವಾಳವೆಂಬ ಮಾತನ್ನು ಅವಳು ನಂಬಲೇ ಇಲ್ಲ.

ನಂಬದಿರುವುದಕ್ಕೆ ಕಾರಣವೂ ಇತ್ತು. ಕೊಕ್ಕಿನ ತುದಿಯಿಂದ ಬಾಲದ ಕೊನೆಯವರೆಗೆ ಅದರ ಉದ್ದ ಸುಮಾರು ಎರಡೂವರೆ ಅಡಿ. ತೂಕ ಎರಡು ಕಿಲೋಗ್ರಾಮಿಗೂ ಮೇಲೆ. ನಮ್ಮ ಗೋಪುರದ ಪಾರಿವಾಳಗಳನ್ನು ಆರೇಳರಂತೆ ಒಂದು ತಟ್ಟೆಯಲ್ಲಿಟ್ಟು ತೂಗಿದರೆ ಅದಕ್ಕೆ ಸಮವಾದೀತು. ಈಗ ಬದುಕಿರುವ ಮುನ್ನೂರಕ್ಕೂ ಹೆಚ್ಚಿನ ಪಾರಿವಾಳದ ಜಾತಿಗಳಲ್ಲಿ ಇದರಷ್ಟು ಭಾರಿಯಾದುದು ಮತ್ತೊಂದಿಲ್ಲ. ಮೈಯ ಬಣ್ಣ ಮಳೆಗಾಲದ ಮುಗಿಲಿನ ನೀಲಿಬೂದು. ಎದೆಯು ಕಗ್ಗೆಂಪು. ರೆಕ್ಕೆಯ ನಡುವೆ ತಿಳಿಬೂದಿಯ ಒಂದು ಪಟ್ಟೆ, ಅದಕ್ಕೆ ಮತ್ತೆ ಕಗ್ಗೆಂಪಿನ ಅಂಚು. ಒಳ್ಳೆಯ ನೇಕಾರನು ಸೆರಗಿಗೆ ಅಂಚನ್ನು ಕೂಡಿಸಿದಂತೆಯೇ ಸರಿ. ಕಣ್ಣಿನ ಸುತ್ತ ಕಾಡಿಗೆ ಬಳಿದಂತೆ ಕಪ್ಪು. ಆ ಕಪ್ಪಿನ ನಡುವೆ ಕಣ್ಣು ಮಾಣಿಕ್ಯದಂತೆ ಕೆಂಪು.

ಆದರೆ ನೋಡುವವರ ದೃಷ್ಟಿಯು ಇವೆಲ್ಲವನ್ನೂ ಬಿಟ್ಟು ನೇರವಾಗಿ ತಲೆಗೆ ಏರುವುದು. ನಮ್ಮ ನಾಡಿನಲ್ಲಿ ಜುಟ್ಟಿನ ಹಕ್ಕಿಗಳು ಇಲ್ಲದಿಲ್ಲ. ಪೇರಲೆಯ ಗಿಡದಲ್ಲಿ ಗದ್ದಲ ಮಾಡುವ ಪಿಕಳಾರಕ್ಕೆ ಕೊಂಬಿನಂತಹ ಜುಟ್ಟು. ಹುಲ್ಲಿನ ಬಯಲಿನಲ್ಲಿ ಹುಳು ಹೆಕ್ಕುವ ಚಂದ್ರಮುಕುಟಕ್ಕೆ ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಿಸುವ ಜುಟ್ಟು. ನವಿಲಿಗಂತೂ ಕಡ್ಡಿಯ ತುದಿಯಲ್ಲಿ ಕುಚ್ಚು ಕಟ್ಟಿದಂತಹ ತುರಾಯಿ. ಕಿರೀಟಪಾರಿವಾಳದ ಜುಟ್ಟು ಇವಾವುದರಂತೆಯೂ ಅಲ್ಲ. ಪ್ರತಿಯೊಂದು ಗರಿಯ ಎಳೆಗಳೂ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿರುವುದರಿಂದ, ಗರಿಯು ಗರಿಯಾಗಿ ಕಾಣದೆ ಕಸೂತಿಯ ಜಾಲರಿಯಾಗಿ ಕಾಣುವುದು. ಇಂತಹ ಹತ್ತಾರು ಗರಿಗಳು ಕೊಕ್ಕಿನ ಬುಡದಿಂದ ಹಿಂದಲೆಯವರೆಗೆ ಒಂದೇ ಸಾಲಿನಲ್ಲಿ ಎದ್ದು ನಿಂತು ಅರ್ಧಚಂದ್ರದ ಬೀಸಣಿಗೆಯಾಗುವುವು. ನ್ಯೂಗಿನಿಯ ಉತ್ತರದ ಈ ವಿಕ್ಟೋರಿಯಾ ಜಾತಿಯಲ್ಲಿ ಗರಿಯ ತುದಿಯು ಮತ್ತೆ ಅಗಲವಾಗಿ, ಅದರ ಅಂಚಿಗೆ ಬಿಳಿಯ ಬಣ್ಣವೂ ಇರುವುದರಿಂದ, ಜಾಲರಿಗೆ ಮುತ್ತು ಪೋಣಿಸಿದಂತೆ ತೋರುವುದು. ದಪ್ಪ ಹನಿಯ ಮಳೆ ಬೀಳುವ ಕಾಡಿನಲ್ಲಿ ಇಷ್ಟು ನಾಜೂಕಾದ ಒಡವೆಯನ್ನು ಹಗಲಿರುಳೂ ಹೊತ್ತು ತಿರುಗುವುದೆಂದರೆ ಆಶ್ಚರ್ಯವೇ.

ಇನ್ನೊಂದು ವಿಶೇಷವನ್ನೂ ಹೇಳಬೇಕು. ನವಿಲಿನಲ್ಲಿ ಗರಿಯ ಬಾಲವು ಗಂಡಿಗೆ ಮಾತ್ರ. ಹೆಣ್ಣು ಸಾದಾ ಉಡುಪಿನದು. ಕಿರೀಟಪಾರಿವಾಳದಲ್ಲಿ ರಾಜನಿಗೂ ಕಿರೀಟ, ರಾಣಿಗೂ ಅಷ್ಟೇ ದೊಡ್ಡ ಕಿರೀಟ. ನೋಡಿ ಗಂಡುಹೆಣ್ಣನ್ನು ಹೇಳುವುದು ಬಲ್ಲವರಿಗೂ ಕಷ್ಟ. ಹೆಣ್ಣು ಆರಿಸುವುದರಿಂದ ಗಂಡಿಗೆ ಅಲಂಕಾರ ಬೆಳೆಯಿತೆಂದು ಡಾರ್ವಿನ್ನನು ಹೇಳಿದ್ದನು. ಇಬ್ಬರೂ ಪರಸ್ಪರ ಪರೀಕ್ಷಿಸಿ ಆರಿಸುವ ಕುಲಗಳಲ್ಲಿ ಅಲಂಕಾರವೂ ಇಬ್ಬರಿಗೂ ಬರುವುದೆಂಬುದಕ್ಕೆ ಜೂಲಿಯನ್ ಹಕ್ಸ್‌ಲಿಯು ೧೯೧೪ರಲ್ಲಿ ಜುಟ್ಟಿನ ಗುಳುಮುಳುಕ ಹಕ್ಕಿಯ ಪ್ರಣಯವನ್ನು ವರ್ಣಿಸಿ ದಾರಿ ತೋರಿದನು. ಆ ನೀರುಹಕ್ಕಿಯಲ್ಲಿಯೂ ಗಂಡುಹೆಣ್ಣು ಎರಡಕ್ಕೂ ಜುಟ್ಟುಂಟು. ಕಿರೀಟಪಾರಿವಾಳಗಳು ಜೊತೆಯಾಗುವಾಗ ಒಂದರ ಮುಂದೊಂದು ತಲೆಬಾಗಿ, ಕಿರೀಟವು ನೆಲಕ್ಕೆ ತಾಗುವಂತೆ ನಮಸ್ಕರಿಸುವುವು, ಬಾಲವನ್ನು ಬಿಚ್ಚುವುವು, ಎದೆಯೊಳಗಿನಿಂದ ಗಂಭೀರವಾದ ಹೂಂಕಾರವನ್ನು ಹೊರಡಿಸುವುವು. ಖಾಲಿ ಕೊಡದ ಬಾಯಿಗೆ ತುಟಿಯಿಟ್ಟು ಊದಿದರೆ ಬರುವ ದನಿಯೇ ಅದು. ನಾವು ನಿಂತಿದ್ದಾಗಲೂ ಅಂತಹ ದನಿಯೊಂದು ಪೊದೆಯ ಹಿಂದಿನಿಂದ ಬಂದಿತು. ಯಾವುದೋ ಯಂತ್ರವೆಂದು ಮೊದಲು ತಿಳಿದೆನು.

ಇವುಗಳ ಮನೆಯಾದ ನ್ಯೂಗಿನಿಯು ಗ್ರೀನ್‌ಲೆಂಡನ್ನು ಬಿಟ್ಟರೆ ಜಗತ್ತಿನಲ್ಲಿಯೇ ದೊಡ್ಡ ದ್ವೀಪ. ನಮ್ಮ ಕರ್ನಾಟಕದ ನಾಲ್ಕರಷ್ಟು ವಿಸ್ತಾರವುಳ್ಳದ್ದು. ಪಶ್ಚಿಮದ ಅರ್ಧವು ಇಂಡೋನೇಷ್ಯಕ್ಕೆ ಸೇರಿದೆ. ಪೂರ್ವದ ಅರ್ಧದಲ್ಲಿ ೧೯೭೫ರಲ್ಲಿ ಸ್ವತಂತ್ರವಾದ ಪಪುವಾ ನ್ಯೂಗಿನಿಯೆಂಬ ದೇಶವುಂಟು. ಕಿರೀಟಪಾರಿವಾಳಗಳಲ್ಲಿ ಒಟ್ಟು ನಾಲ್ಕು ಜಾತಿ. ದ್ವೀಪದ ಪಶ್ಚಿಮ, ಉತ್ತರ, ದಕ್ಷಿಣ, ಆಗ್ನೇಯಗಳನ್ನು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಂತೆ ಅವು ಹಂಚಿಕೊಂಡಿವೆ. ಇಂಡೋನೇಷ್ಯದ ಜನರು ಇವನ್ನು ಮಾಂಬ್ರುಕ್ ಎನ್ನುವರು. ೧೭೦೦ನೆಯ ವರ್ಷದ ಮೊದಲಿಗೆ ದ್ವೀಪದ ಪಶ್ಚಿಮ ಕರಾವಳಿಗೆ ಬಂದ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರನು, ತನ್ನವನೊಬ್ಬನು ಹೊಡೆದು ತಂದ ಆಕಾಶವರ್ಣದ, ತಲೆಯ ಮೇಲೆ ಗರಿಗೊಂಚಲುಳ್ಳ ಹಕ್ಕಿಯನ್ನು ಮೆಚ್ಚಿ ಬರೆದಿದ್ದಾನೆ. ಮೆಚ್ಚಿದ್ದು ಕೊಂದ ಬಳಿಕ ಎಂಬುದನ್ನು ಓದುಗರು ಗಮನಿಸಬೇಕು; ಈ ಹಕ್ಕಿಯ ಚರಿತ್ರೆಯಲ್ಲಿ ಮೆಚ್ಚುಗೆಯು ಬಹುಮಟ್ಟಿಗೆ ಆ ಕ್ರಮದಲ್ಲಿಯೇ ಬಂದಿದೆ. ಉತ್ತರದ ಬಿಳಿಯಂಚಿನ ಜಾತಿಗೆ ೧೮೪೪ರಲ್ಲಿ ಫ್ರೇಸರನೆಂಬ ವಿದ್ವಾಂಸನು ಆಗ ಪಟ್ಟದಲ್ಲಿದ್ದ ವಿಕ್ಟೋರಿಯಾ ರಾಣಿಯ ಹೆಸರನ್ನಿಟ್ಟನು.

ಹೊಳೆಯ ಬಯಲಿನ, ಸಾಗುವಿನ ತಾಳೆಗಳು ಬೆಳೆಯುವ ಜೌಗಿನ ತಗ್ಗುಕಾಡೇ ಇವಕ್ಕೆ ಪ್ರಿಯ. ಅಲ್ಲಿ ನಾಲ್ಕಾರು ಹಕ್ಕಿಗಳು ಸೇರಿ ನೆಲದ ಮೇಲೆ ನಡೆಯುತ್ತ, ಉದುರಿದ ಅತ್ತಿಯ ಜಾತಿಯ ಹಣ್ಣುಗಳನ್ನೂ ಬೀಜಗಳನ್ನೂ ಹೆಕ್ಕಿ ತಿನ್ನುವುವು. ಇಷ್ಟು ದಪ್ಪ ಹಕ್ಕಿ ಹಗಲೆಲ್ಲ ನೆಲದ ಮೇಲೆ ನಿಶ್ಚಿಂತೆಯಿಂದ ಓಡಾಡುವುದೆಂದರೆ ನಮ್ಮ ಮಲೆನಾಡಿನವರು ನಗುವರು. ನಮ್ಮ ಕಾಡಿನಲ್ಲಿ ಚಿರತೆಯೂ ಕಾಡುಬೆಕ್ಕೂ ಅದಕ್ಕೆ ಎಷ್ಟು ದಿನ ಅವಕಾಶ ಕೊಟ್ಟಾವು? ಆದರೆ ನ್ಯೂಗಿನಿಯಲ್ಲಿ ಸ್ವಭಾವತಃ ಹುಲಿಚಿರತೆಗಳ ಬೆಕ್ಕಿನ ಕುಲವೇ ಇಲ್ಲ, ಕೋತಿಯೂ ಇಲ್ಲ. ೧೮೫೪ರಿಂದ ೧೮೬೨ರವರೆಗೆ ಆ ದ್ವೀಪಸಮೂಹದಲ್ಲಿ ಅಲೆದ, ೧೮೫೮ರಲ್ಲಿ ನ್ಯೂಗಿನಿಯಲ್ಲಿಯೇ ಕೆಲವು ತಿಂಗಳು ಬೀಡುಬಿಟ್ಟಿದ್ದ ಆಲ್ಫ್ರೆಡ್ ರಸೆಲ್ ವಾಲೇಸನು ಈ ವಿಚಾರವನ್ನು ೧೮೬೫ರಲ್ಲಿ ಎತ್ತಿದನು. ಪಾರಿವಾಳದ ಗೂಡೆಂದರೆ ನಾಲ್ಕು ಕಡ್ಡಿಗಳ ಅಡ್ಡಾದಿಡ್ಡಿ ಜೋಡಣೆ. ಕೋತಿಗಳಿರುವ ಕಾಡಿನಲ್ಲಿ ಅದರೊಳಗಿನ ಮೊಟ್ಟೆ ಉಳಿಯುವುದು ಕಷ್ಟ. ಕೋತಿಗಳಿಲ್ಲದ ಆ ದ್ವೀಪಗಳಲ್ಲಿಯೇ ಪಾರಿವಾಳಗಳು ಬಗೆಬಗೆಯಾಗಿ, ಬಣ್ಣಬಣ್ಣವಾಗಿ ಹೆಚ್ಚಿವೆ ಎಂದು ಅವನ ವಾದ. ಅಡಿಗೆಮನೆಯ ಕಿಟಕಿಯನ್ನು ಮುಚ್ಚಲು ಮರೆತು ಬಾಳೆಹಣ್ಣು ಕಳೆದುಕೊಂಡ ಗೃಹಿಣಿಯರಿಗೆ ಈ ವಾದವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಹೀಗೆ ಶತ್ರುಗಳಿಲ್ಲದ ನಾಡಿನಲ್ಲಿ ಬೆಳೆದ ಹಕ್ಕಿಯ ಸಂಸಾರವೂ ಅವಸರವಿಲ್ಲದ್ದು. ಮರದ ಮೇಲೆ ಕಡ್ಡಿ ಎಲೆಗಳ ಗೂಡು ಕಟ್ಟಿ, ಹೆಣ್ಣು ಒಂದೇ ಒಂದು ಬಿಳಿಯ ಮೊಟ್ಟೆಯನ್ನಿಡುವುದು. ನಮ್ಮ ಊರಿನ ಪಾರಿವಾಳ ಎರಡಿಟ್ಟು ಹದಿನೆಂಟು ದಿನಗಳಲ್ಲಿ ಮರಿ ಮಾಡಿದರೆ, ಇದು ಒಂದಕ್ಕೇ ಒಂದು ತಿಂಗಳ ಹತ್ತಿರ ಕಾವು ಕೊಡಬೇಕು. ತಂದೆಯೂ ತಾಯಿಯೂ ಸರದಿಯಂತೆ ಕೂರುವರು. ಮರಿಯು ಗೂಡಿನಲ್ಲಿ ನಾಲ್ಕು ವಾರಗಳಷ್ಟು ಇರುವುದು. ಗೂಡು ಬಿಟ್ಟ ಮೇಲೆಯೂ ಅದಕ್ಕೆ ಹದಿಮೂರು ವಾರ ತುಂಬುವವರೆಗೆ ತಂದೆತಾಯಿಗಳ ತುತ್ತು ತಪ್ಪದು.

ಆ ಮೊದಲ ತುತ್ತಿನ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಕ್ಕಿಗಳಿಗೆ ಹಾಲಿಲ್ಲವೆಂದು ನಾವೆಲ್ಲ ಮಕ್ಕಳಿಗೆ ಪಾಠ ಹೇಳುವೆವು. ಪಾರಿವಾಳದ ಕುಲದಲ್ಲಿ ಆ ಮಾತು ಪೂರ್ತಿ ನಿಜವಲ್ಲ. ಕುತ್ತಿಗೆಯ ಬುಡದಲ್ಲಿ ಕಾಳನ್ನು ತುಂಬಿಟ್ಟುಕೊಳ್ಳುವ ಚೀಲವೊಂದುಂಟಷ್ಟೆ. ಮರಿ ಒಡೆಯುವ ಕಾಲಕ್ಕೆ ಆ ಚೀಲದ ಒಳಪೊರೆಯು ದಪ್ಪನಾಗಿ, ಗಿಣ್ಣಿನಂತಹ ಒಂದು ಪದಾರ್ಥವು ಅದರಿಂದ ಕಳಚಿ ಬರುವುದು. ಕೊಬ್ಬೂ ಪುಷ್ಟಿಯೂ ತುಂಬಿದ ಈ 'ಹಾಲನ್ನು' ತಂದೆತಾಯಿಗಳಿಬ್ಬರೂ ಮರಿಯ ಬಾಯಿಗೆ ಕಕ್ಕಿ ಉಣಿಸುವರು. ಹೌದು, ತಂದೆಯೂ! ಸ್ವಾರಸ್ಯವೆಂದರೆ, ಹಸುವಿನ ಕೆಚ್ಚಲಿನಲ್ಲಿಯೂ ಮನುಷ್ಯಸ್ತ್ರೀಯ ಎದೆಯಲ್ಲಿಯೂ ಹಾಲನ್ನು ಪ್ರೇರಿಸುವ ಪ್ರೊಲ್ಯಾಕ್ಟಿನ್ ಎಂಬ ರಸವೇ ಪಾರಿವಾಳದ ಚೀಲವನ್ನೂ ಪ್ರೇರಿಸುವುದು. ಅಮೆರಿಕದ ಆಸ್ಕರ್ ರಿಡಲನೂ ಅವನ ಸಂಗಡಿಗರೂ ೧೯೩೩ರಲ್ಲಿ ಆ ರಸಕ್ಕೆ ಹೆಸರಿಟ್ಟುದು ಪಾರಿವಾಳಗಳ ಮೇಲಿನ ಪರೀಕ್ಷೆಗಳಿಂದಲೇ. ರಸವು ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಪಾರಿವಾಳದ ಚೀಲ ದಪ್ಪನಾಯಿತೇ ಎಂದು ನೋಡುವುದು ಬಹುಕಾಲದವರೆಗೆ ವಾಡಿಕೆಯಾಗಿತ್ತು.

ಇಂತಹ ಸಂಸಾರಕ್ಕೆ ಒಂದು ಕೊರತೆಯುಂಟು. ವರ್ಷಕ್ಕೆ ಹತ್ತಾರು ಮೊಟ್ಟೆಯಿಡುವ ಕೋಳಿಯ ಹಿಂಡಿನಲ್ಲಿ ನಾಲ್ಕು ಹೋದರೆ ನಾಲ್ಕು ಬಂದಾವು. ಒಂದು ಮೊಟ್ಟೆಯ ಮೇಲೆ ಇಷ್ಟು ತಿಂಗಳು ಕಳೆಯುವ ಹಕ್ಕಿಗೆ ಆದ ನಷ್ಟವು ಬೇಗ ತುಂಬದು. ಉತ್ತರ ಅಮೆರಿಕದ ವಲಸೆ ಪಾರಿವಾಳವೂ ಒಂದೇ ಮೊಟ್ಟೆಯಿಡುತ್ತಿತ್ತು. ಒಂದು ಕಾಲಕ್ಕೆ ಅವುಗಳ ಸಂಖ್ಯೆ ಮುನ್ನೂರರಿಂದ ಐನೂರು ಕೋಟಿಯಿದ್ದಿತೆಂದು ಅಂದಾಜು. ಹಿಂಡು ಹಾರಿದರೆ ಸೂರ್ಯನು ಮರೆಯಾಗುತ್ತಿದ್ದನಂತೆ. ಕಾಡು ಕಡಿದು, ಬಲೆಬೀಸಿ, ಗುಂಡಿಕ್ಕಿ ಮಾರುಕಟ್ಟೆಗೆ ತುಂಬಿದುದರ ಫಲವಾಗಿ ೧೯೧೪ರ ಸೆಪ್ಟೆಂಬರ್ ೧ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಆ ಜಾತಿಯ ಕೊನೆಯ ಹಕ್ಕಿಯು ಸತ್ತಿತು. ಬಂಧುವರ್ಗದಲ್ಲಿ ಇನ್ನೊಂದು ಸಾವು ಅದಕ್ಕೂ ಹಿಂದಿನದು. ಮಾರಿಷಸ್ ದ್ವೀಪದ ಡೋಡೋ ಎಂಬ ಹಾರಲಾರದ ಹಕ್ಕಿಯು, ೧೫೯೮ರಲ್ಲಿ ಡಚ್ಚರು ಕಾಲಿಟ್ಟ ಮೇಲೆ ನೂರು ವರ್ಷವೂ ಬಾಳದೆ ಅಳಿಯಿತು. ಅದರ ಅವಶೇಷದಿಂದ ತೆಗೆದ ವಂಶದ್ರವ್ಯವನ್ನು ೨೦೦೨ರಲ್ಲಿ ಪರೀಕ್ಷಿಸಿದಾಗ, ಡೋಡೋ ಪಾರಿವಾಳದ ಕುಲದ್ದೇ ಎಂದೂ, ಬದುಕಿರುವವುಗಳಲ್ಲಿ ಅದಕ್ಕೆ ಅತಿ ಸಮೀಪದ್ದು ನಿಕೋಬಾರ್ ಪಾರಿವಾಳವೆಂದೂ, ಕಿರೀಟಪಾರಿವಾಳಗಳೂ ಅದೇ ಮನೆತನದ ಹತ್ತಿರದ ಶಾಖೆಯೆಂದೂ ತಿಳಿಯಿತು. ಕೊರಳಿಗೆ ಹಸಿರುಹೊಂಬಣ್ಣದ ಉದ್ದ ಗರಿಗಳನ್ನು ಇಳಿಬಿಟ್ಟುಕೊಂಡ ನಿಕೋಬಾರ್ ಪಾರಿವಾಳವು ನಮ್ಮ ದೇಶಕ್ಕೇ ಸೇರಿದ ದ್ವೀಪಗಳಲ್ಲಿ ಇಂದಿಗೂ ಇದೆ. ಆದುದರಿಂದ ಈ ರಾಜವಂಶವು ನಮಗೆ ಕೇವಲ ಪರದೇಶದ ಮಾತಲ್ಲ; ದೂರದ ನೆಂಟಸ್ತಿಕೆಯಾದರೂ ಉಂಟು.

ಕಿರೀಟಪಾರಿವಾಳವನ್ನು ಬೇಟೆಯಾಡುವುದು ಸುಲಭ. ನಡೆಯುತ್ತಿರುವ ಹಿಂಡು ಬೆದರಿದರೆ ರೆಕ್ಕೆಯ ದೊಡ್ಡ ಸಪ್ಪಳದೊಡನೆ ಎದ್ದು ಹತ್ತಿರದ ಕೊಂಬೆಯ ಮೇಲೆ ಕೂರುವುದು, ದೂರ ಹಾರಿಹೋಗದು. ಅಲ್ಲಿ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ, ಬಂದವನಾರೆಂದು ಕತ್ತು ಬಾಗಿಸಿ ನೋಡುವುದು. ಶತ್ರುಗಳು ಕೊಂಬೆಯನ್ನು ಏರಲಾರದ ನಾಡಿನಲ್ಲಿ ಅಷ್ಟು ಎಚ್ಚರಿಕೆ ಸಾಕಾಗಿತ್ತು. ದ್ವೀಪದ ಮೂಲನಿವಾಸಿಗಳು ಬಹುಕಾಲದಿಂದ ಅದನ್ನು ಮಾಂಸಕ್ಕಾಗಿ ಹೊಡೆದು, ಕಿರೀಟದ ಗರಿಗಳನ್ನು ತಮ್ಮ ಹಬ್ಬದ ತಲೆಯುಡುಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಿಲ್ಲುಬಾಣಗಳ ಕಾಲದಲ್ಲಿ ಕಾಡೂ ದೊಡ್ಡದು, ಊರೂ ಚಿಕ್ಕದು, ಹಕ್ಕಿ ಉಳಿಯಿತು. ಅಪಾಯವು ಬೇರೊಂದು ದಿಕ್ಕಿನಿಂದ ಬಂದಿತು. ಅದು ಬಂದುದು ಟೋಪಿಯ ರೂಪದಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಮಹಿಳೆಯರಿಗೆ ಗರಿಯ ಟೋಪಿಯ ಹುಚ್ಚು ಹಿಡಿಯಿತು. ಮೊದಲು ಒಂದೆರಡು ಗರಿ, ಬಳಿಕ ರೆಕ್ಕೆ, ಬಳಿಕ ಇಡಿಯ ಹಕ್ಕಿಯೇ ಟೋಪಿಯ ಮೇಲೆ ಗಾಜಿನ ಕಣ್ಣಿನಿಂದ ನೋಡುತ್ತ ಕುಳಿತಿತು. ಲಂಡನ್ನು ಈ ವ್ಯಾಪಾರದ ಪೇಟೆ. ಬೆಳ್ಳಕ್ಕಿಯ ಗರಿ, ಸ್ವರ್ಗಪಕ್ಷಿಯ ಗರಿ, ಕಿರೀಟಪಾರಿವಾಳದ ಗರಿಗಳನ್ನು ಹರಾಜಿನಲ್ಲಿ ಕೂಗಿ ಮಾರುತ್ತಿದ್ದರು. ಬೆಳ್ಳಕ್ಕಿಯ ಗರಿಗೆ ಒಂದು ಕಾಲದಲ್ಲಿ ತೂಕಕ್ಕೆ ತೂಕ ಚಿನ್ನಕ್ಕಿಂತ ಹೆಚ್ಚಿನ ಬೆಲೆ ಬಂದಿತು. ಕಿರೀಟಪಾರಿವಾಳದ ಶಾಸ್ತ್ರೀಯ ನಾಮವಾದ 'ಗೌರಾ' ಎಂಬುದು ಟೋಪಿಯಂಗಡಿಯವರ ಬಾಯಲ್ಲಿ ಒಂದು ಸರಕಿನ ಹೆಸರಾಗಿಬಿಟ್ಟಿತು. ಜರಡಿಯಂತಹ ಆ ನೀಲಿಯ ಗರಿಯನ್ನು ಕೇಳಿ ಕೊಳ್ಳುವವರು ಅದು ಯಾವ ಹಕ್ಕಿಯದೆಂದು ಕೇಳುತ್ತಿರಲಿಲ್ಲ. ನ್ಯೂಗಿನಿಯ ಕಾಡಿಗೆ ಬಂದೂಕು ಹೊತ್ತ ಬೇಟೆಗಾರರು ನುಗ್ಗಿದರು.

ನಮ್ಮ ಹೆಂಗಸರು ಮುಡಿಯುವುದು ಹೂವು. ಸಂಜೆಗೆ ಬಾಡುವುದು, ಮರುದಿನ ಬಳ್ಳಿ ಮತ್ತೆ ಅರಳುವುದು. ಹೀಗೆಂದು ಹೆಮ್ಮೆಪಡಲು ನನಗೂ ಇಷ್ಟವೇ. ಆದರೆ ಆ ಟೋಪಿಗಳಿಗೆಂದು ನಮ್ಮ ಕೆರೆಗಳ ಬೆಳ್ಳಕ್ಕಿಗಳೂ ಮಿಂಚುಳ್ಳಿಗಳೂ ಸತ್ತುವು. ಹೊಡೆದವರು, ಕಟ್ಟಿದವರು, ಮಾರಿದವರು ನಮ್ಮವರೇ. ಈ ಸಾಗಾಣಿಕೆಯು ಎಷ್ಟು ಮಿತಿಮೀರಿತೆಂದರೆ ೧೯೦೨ರಲ್ಲಿ ಭಾರತ ಸರ್ಕಾರವು ಹಕ್ಕಿಗಳ ಗರಿ ಚರ್ಮಗಳನ್ನು ಹೊರದೇಶಕ್ಕೆ ಕಳುಹಿಸಕೂಡದೆಂದು ಆಜ್ಞೆ ಮಾಡಬೇಕಾಯಿತು. ಕಳುಹಿಸುವ ದೇಶ ಬಾಗಿಲು ಮುಚ್ಚಿದರೂ ಕೊಳ್ಳುವ ದೇಶದ ಬಾಗಿಲು ಬಹುಕಾಲ ತೆರೆದೇ ಇತ್ತು.

ಆ ಬಾಗಿಲನ್ನು ಮುಚ್ಚಿಸಲು ಟೊಂಕ ಕಟ್ಟಿದವರೂ ಮಹಿಳೆಯರೇ. ೧೮೮೯ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್‌ಸನ್ ಎಂಬ ಗೃಹಿಣಿಯು ತನ್ನ ಮನೆಯಲ್ಲಿಯೇ ಒಂದು ಸಂಘವನ್ನು ಆರಂಭಿಸಿದಳು. ಆಹಾರಕ್ಕಾಗಿ ಕೊಲ್ಲದ ಯಾವ ಹಕ್ಕಿಯ ಗರಿಯನ್ನೂ ಧರಿಸೆನೆಂದು ಸದಸ್ಯೆಯರು ಒಪ್ಪಬೇಕು. ಉಷ್ಟ್ರಪಕ್ಷಿಯ ಗರಿಗೆ ಮಾತ್ರ ವಿನಾಯಿತಿ. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಹ್ಯಾರಿಯೆಟ್ ಹೆಮನ್‌ವೇ ಎಂಬಾಕೆಯು ೧೮೯೬ರಲ್ಲಿ ತನ್ನ ಗೆಳತಿಯರನ್ನು ಚಹಕ್ಕೆ ಕರೆದು ಇದೇ ಮಾತನ್ನು ಹೇಳತೊಡಗಿದಳು. ಬೀದಿಯಲ್ಲಿ ಗಲಾಟೆಯಿಲ್ಲ, ಭಾಷಣವಿಲ್ಲ; ಒಂದು ಮನೆಯಿಂದ ಇನ್ನೊಂದು ಮನೆಗೆ ಮಾತು ಹೋಯಿತು. ಟೋಪಿಯ ವ್ಯಾಪಾರಿಗಳು, ಸಾವಿರಾರು ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯುವಿರೆಂದು ಕೂಗಿದರು. ಶಾಸನಸಭೆಗಳಲ್ಲಿ ಮಸೂದೆ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು. ಕಡೆಗೆ ಅಮೆರಿಕವು ೧೯೧೩ರಲ್ಲಿ ಕಾಡುಹಕ್ಕಿಗಳ ಗರಿಯ ಆಮದನ್ನು ನಿಲ್ಲಿಸಿತು; ಬ್ರಿಟನ್ನಿನಲ್ಲಿ ಅಂತಹ ಕಾನೂನು ಬರಲು ೧೯೨೧ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವೂ ಮುಗಿದು, ಹೆಂಗಸರು ಕೂದಲನ್ನು ಮೊಟಕು ಮಾಡಿ, ಗರಿ ನಿಲ್ಲಲು ಎಡೆಯಿಲ್ಲದ ಚಿಕ್ಕ ಟೋಪಿಗಳನ್ನು ಹಾಕತೊಡಗಿದ್ದರು. ಕಾನೂನಿನಿಂದ ಉಳಿದ ಹಕ್ಕಿಗಳೆಷ್ಟು, ಕತ್ತರಿಯಿಂದ ಉಳಿದ ಹಕ್ಕಿಗಳೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮಹಿಳೆಯರು ಮೂವತ್ತು ವರ್ಷ ಮಾತನಾಡದಿದ್ದರೆ ಗರಿಯು ಹೊಸ ರೂಪದಲ್ಲಿ ಮತ್ತೆ ಬರುತ್ತಿತ್ತು.

ಟೋಪಿಯ ಕಾಲ ಹೋಯಿತು. ಕಿರೀಟಪಾರಿವಾಳದ ಕಷ್ಟ ಪೂರ್ತಿಯಾಗಿ ಹೋಗಲಿಲ್ಲ. ಇಂದು ಇಂಡೋನೇಷ್ಯದ ಕಾನೂನು ಅದನ್ನು ರಕ್ಷಿಸುವುದು. ೧೯೭೩ರ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಕೆಳಗೆ ನಾಲ್ಕು ಜಾತಿಗಳನ್ನೂ ಪರವಾನಗಿಯಿಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಆದರೂ ಮಾಂಸಕ್ಕಾಗಿ ಬೇಟೆ ನಿಂತಿಲ್ಲ. ಜೀವಂತ ಹಕ್ಕಿಗಳನ್ನು ಹಿಡಿದು ಮಾರುವುದೂ ಉಂಟು. ವಿಕ್ಟೋರಿಯಾ ಜಾತಿಯು ವಿನಾಶದ ಅಪಾಯಕ್ಕೆ ಸಮೀಪಿಸುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾಡಿನೊಳಗೆ ಮರ ಸಾಗಿಸುವ ರಸ್ತೆಯೊಂದು ಹೋದರೆ, ಅದೇ ರಸ್ತೆಯಲ್ಲಿ ಬಂದೂಕಿನವನೂ ಬರುವನು. ಎಲ್ಲಕ್ಕಿಂತ ಮೇಲಾಗಿ, ಈ ಹಕ್ಕಿಗೆ ಬೇಕಾದ ತಗ್ಗಿನ ಸಮತಟ್ಟು ನೆಲವೇ ಎಣ್ಣೆತಾಳೆಯ ತೋಟಕ್ಕೂ ಬೇಕು. ಮರ ಕಡಿದ ಕಾಡು ಕಾಲಾಂತರದಲ್ಲಿ ಚಿಗುರೀತು. ಗೆರೆ ಎಳೆದಂತೆ ತಾಳೆ ನೆಟ್ಟ ನೆಲದಲ್ಲಿ ಅತ್ತಿಯ ಹಣ್ಣು ಉದುರದು.

ಇಲ್ಲಿ ಮಾತು ಮತ್ತೆ ನಮ್ಮ ಅಡಿಗೆಮನೆಗೆ ಬರುವುದು. ತಾಳೆಯೆಣ್ಣೆಯನ್ನು ಹೊರಗಿನಿಂದ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ತರಿಸಿಕೊಳ್ಳುವ ದೇಶ ಭಾರತ; ಅದರ ಬಹುಭಾಗವು ಇಂಡೋನೇಷ್ಯ ಮಲೇಷ್ಯಗಳಿಂದ ಬರುವುದು. ಅಂಗಡಿಯ ಬಿಸ್ಕತ್ತು, ಕರಿದ ತಿಂಡಿ, ಸಾಬೂನುಗಳಲ್ಲಿ ಅದು ಹೇಳದೆಯೇ ಸೇರಿರುತ್ತದೆ. ಆ ಎಣ್ಣೆಯೆಲ್ಲ ನ್ಯೂಗಿನಿಯದೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಸುಳ್ಳಾದೀತು. ಇಂಡೋನೇಷ್ಯದ ತೋಟಗಳಲ್ಲಿ ಹೆಚ್ಚಿನವು ಸುಮಾತ್ರಾ ಬೋರ್ನಿಯೋಗಳಲ್ಲಿವೆ. ಆದರೆ ಅಲ್ಲಿ ನೆಲ ತುಂಬಿದಂತೆ ತೋಟವು ಪೂರ್ವಕ್ಕೆ, ಮಾಂಬ್ರುಕ್ಕಿನ ಕಾಡಿನ ಕಡೆಗೆ ಸರಿಯುತ್ತಿರುವುದು ಮಾತ್ರ ನಿಜ. ಕಡಿಮೆ ಬೆಲೆಯ ಎಣ್ಣೆಯು ನಮ್ಮಲ್ಲಿ ಬಡವರ ಒಲೆಯ ಮೇಲಿನ ಎಣ್ಣೆಯೂ ಹೌದು. ಗರಿಯ ಟೋಪಿಯನ್ನು ಬಿಟ್ಟಷ್ಟು ಸುಲಭವಾಗಿ ಅದನ್ನು ಬಿಡೆಂದು ಯಾರಿಗೂ ಹೇಳಲಾಗದು.

ಪಪುವಾ ನ್ಯೂಗಿನಿಯಲ್ಲಿ ಒಂದು ಅನುಕೂಲವುಂಟು. ಅಲ್ಲಿಯ ನೂರಕ್ಕೆ ತೊಂಬತ್ತು ಭಾಗಕ್ಕೂ ಮಿಗಿಲಾದ ಭೂಮಿಯು ಸರ್ಕಾರದ್ದಲ್ಲ, ಜಮೀನುದಾರರದ್ದೂ ಅಲ್ಲ. ಹಿಂದಿನಿಂದ ನಡೆದುಬಂದ ಪದ್ಧತಿಯಂತೆ ಆಯಾ ಕುಲಗಳಿಗೆ ಸೇರಿದ್ದು. ಕಾಡನ್ನು ಕೊಡಬೇಕೇ ಬೇಡವೇ ಎಂಬುದನ್ನು ಹಳ್ಳಿಯ ಹಿರಿಯರು ಕುಳಿತು ತೀರ್ಮಾನಿಸುವರು. ಮಕ್ಕಳ ಶಾಲೆಯ ಖರ್ಚು, ಔಷಧ, ರಸ್ತೆ ಇವೆಲ್ಲವೂ ಆ ಹಿರಿಯರ ಮುಂದೆ ಇರುವುವು, ಹಕ್ಕಿಯೂ ಇರುವುದು. ಕೊಳ್ಳುವವನು ಕೊಡುವ ಹಣ ಕೈಗೆ ಕಾಣುವುದು, ಕಾಡು ಕೊಡುವ ಹಣ್ಣು, ನೀರು, ಬೇಟೆ, ಮನೆಗೆ ಬೇಕಾದ ಮರ ಇವು ಲೆಕ್ಕದ ಪುಸ್ತಕದಲ್ಲಿ ಕಾಣವು. ತೀರ್ಮಾನವು ಎಲ್ಲ ಕಡೆಯೂ ಒಂದೇ ಬಗೆಯಾಗಿಲ್ಲ.

ಸಿಂಗಪುರದ ಆ ಪಕ್ಷಿಶಾಲೆಯಿಂದ ಹೊರಡುವ ಮೊದಲು, ಮೊಮ್ಮಗಳ ಪ್ರಶ್ನೆಯನ್ನು ನಾನು ಅಲ್ಲಿಯ ಕಾವಲಿನ ಹೆಂಗಸಿನ ಮುಂದಿಟ್ಟೆನು. ಆಕೆ ತಮಿಳಿನವಳು, ನಕ್ಕು, ಸ್ವಲ್ಪ ಹೊತ್ತು ನಿಂತರೆ ಮಗುವೇ ನೋಡಬಹುದೆಂದಳು. ನಿಂತೆವು. ಬೆಳಕು ಇಳಿಯಿತು. ಜನರು ಕಡಿಮೆಯಾದರು. ದಾರಿಯಲ್ಲಿ ನಡೆಯುತ್ತಿದ್ದ ಹಕ್ಕಿಗಳಲ್ಲಿ ಒಂದು ಇದ್ದಕ್ಕಿದ್ದಂತೆ, ಒದ್ದೆ ಬಟ್ಟೆಯನ್ನು ಕೊಡವಿದಂತೆ ಸಪ್ಪಳ ಮಾಡುತ್ತ ಎದ್ದು ಕೊಂಬೆಯ ಮೇಲೆ ಕುಳಿತಿತು. ಇನ್ನೊಂದು ಹಿಂಬಾಲಿಸಿತು. ಎರಡೂ ಒಂದರ ಪಕ್ಕಕ್ಕೊಂದು ಸರಿದು, ಕುತ್ತಿಗೆಯನ್ನು ಎದೆಯೊಳಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದುವು. ಕಿರೀಟವು ಹಾಗೆಯೇ ನಿಂತಿತ್ತು. ಗಾಳಿಗೆ ಅದರ ಬಿಳಿಯ ಅಂಚು ಮಾತ್ರ ಸ್ವಲ್ಪ ಅಲುಗುತ್ತಿತ್ತು. "ತೆಗೆಯೋದೇ ಇಲ್ಲ," ಎಂದು ಮೊಮ್ಮಗಳು ಪಿಸುಗುಟ್ಟಿ, ತನ್ನ ತಲೆಯ ರಿಬ್ಬನ್ನನ್ನು ಒಮ್ಮೆ ಮುಟ್ಟಿನೋಡಿಕೊಂಡಳು.